ನನ್ನ ನಗುವನ್ನು ನಗು ಎಂದೇ ತಿಳಿದವರಿಗೆ

ಆಸ್ಪತ್ರೆಯಿಂದ ಮನೆಗೆ ಬಂದು ಈ ತಿಂಗಳಿಗೆ ಐದು ವರ್ಷ ತುಂಬಿತು. ಈ ಐದು ವರ್ಷಗಳಲ್ಲಿ ಮತ್ತೆ ದಾಖಲಾಗಬೇಕಾದ ಸ್ಥಿತಿ ಬರಲಿಲ್ಲ. ಮನಸ್ಸು ಒಮ್ಮೆ ಉನ್ಮಾದಕ್ಕೆ ಏರಿ ಇನ್ನೊಮ್ಮೆ ಖಿನ್ನತೆಗೆ ಇಳಿಯುವ ಬೈಪೋಲಾರ್ ಕಾಯಿಲೆ ಇರುವ ಮನೆಯವರಿಗೆ ಇದು ಎಷ್ಟು ದೊಡ್ಡ ಮಾತು ಎಂದು ಗೊತ್ತು. ಎದುರಿಗೆ ನಿಂತು ಹೇಳಲು ಹೋದರೆ ಗಂಟಲು ಕಟ್ಟುತ್ತದೆ, ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಅಮ್ಮನಿಗೆ. ಸಿಟ್ಟು ಬಂದರೆ "ನಿನ್ನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು" ಎಂದು ಬೈಯುವ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳು ನಾನು. ನಾನೂ ಹಾಗೆ ಬೈದಿದ್ದೇನೆ. ಹೊಸೂರು ರಸ್ತೆಯ ಅದೇ ಗೇಟಿನೊಳಗೆ ಅಮ್ಮ ನನ್ನ ಕೈ ಹಿಡಿದು ನಡೆದಳು, 23 ದಿನ ವಾರ್ಡಿನಲ್ಲಿ ಜೊತೆಗೇ ಇದ್ದಳು. ನೆಂಟರು ಫೋನ್ ಮಾಡಿ "ದೃಷ್ಟಿ ತಗುಲಿರಬೇಕು" ಎಂದರು, "ಮುದ್ದಿನಿಂದ ಬೆಳೆಸಿದ್ದು ಹೆಚ್ಚಾಯಿತು" ಎಂದರು. "ಅವಳಿಗೆ ಕಾಯಿಲೆ, ಚಿಕಿತ್ಸೆ ನಡೆಯುತ್ತಿದೆ" ಎಂಬುದೊಂದೇ ಅವಳ ಉತ್ತರ. ಇದು ಸಾಕಿದ ರೀತಿಯಿಂದ ಬರುವಂಥದ್ದಲ್ಲ, ವಂಶದಲ್ಲಿ ಹರಿದು ಬರುವುದುಂಟು ಎಂದು ವೈದ್ಯರು ತಿಳಿಸಿದ ದಿನ ಮಾತ್ರ ಅವಳು ಅತ್ತಳು. ಹಿತ್ತಲ ಕೋಣೆಯಲ್ಲಿ ಆಯುಷ್ಯ ಸವೆಸಿದ ತನ್ನ ಸೋದರಮಾವನನ್ನು ನೆನೆದು ಅತ್ತಳು.

ನನ್ನ ಯಜಮಾನರಿಗೆ ಹೇಳಬೇಕಾದದ್ದು ಬಹಳ ಇದೆ. ಕಾಯಿಲೆ ಏರಿದ್ದ ಆ ದಿನಗಳಲ್ಲಿ ನಾನು ಸಂತೋಷವಾಗಿದ್ದೆ ಎಂದೇ ಎಲ್ಲರೂ ತಿಳಿದಿದ್ದರು. ರಾತ್ರಿ ಎರಡು ಗಂಟೆಗೆ ಎದ್ದು ಅಡುಗೆಮನೆಯ ಡಬ್ಬಗಳನ್ನೆಲ್ಲ ತೊಳೆಯುತ್ತಿದ್ದೆ. ಟ್ಯೂಷನ್ ಕೇಂದ್ರ ತೆರೆಯುತ್ತೇನೆಂದು ಯಾರನ್ನೂ ಕೇಳದೆ ಠೇವಣಿ ಮುರಿಸಿ ಮಳಿಗೆಗೆ ಮುಂಗಡ ಕೊಟ್ಟೆ. "ಎಷ್ಟು ಚುರುಕು!" ಎಂದು ಹೊಗಳಿದವರೂ ಇದ್ದರು. ಒಳಗೆ ಇದ್ದದ್ದು ಸಂತೋಷವಲ್ಲ, ತಡೆದವರ ಮೇಲೆಲ್ಲ ಉರಿದುಬೀಳುವ ಸಿಟ್ಟು ಮತ್ತು ನಿಲ್ಲಲಾರದ ಓಟ. ಅದಕ್ಕೂ ಹಿಂದೆ ಖಿನ್ನತೆಗೆಂದು ವೈದ್ಯರ ಬಳಿ ಹೋದಾಗ ಇಂಥ ಏರಿನ ದಿನಗಳ ಬಗ್ಗೆ ನಾನು ಹೇಳಿರಲೇ ಇಲ್ಲ. ಅದೂ ಕಾಯಿಲೆ ಎಂದು ಯಾರಿಗೆ ಗೊತ್ತಿತ್ತು?

ಗೊತ್ತಾದ ಮೇಲೆ ಇನ್ನೊಂದು ತೊಡಕು ಶುರುವಾಯಿತು. ಜೋರಾಗಿ ನಕ್ಕರೆ "ಮಾತ್ರೆ ತೆಗೆದುಕೊಂಡೆಯಾ?" ಧ್ವನಿ ಎತ್ತರಿಸಿದರೆ "ಮಾತ್ರೆ ತೆಗೆದುಕೊಂಡೆಯಾ?" ಪ್ರೀತಿಯಿಂದಲೇ ಕೇಳುತ್ತಿದ್ದರು. ಆದರೂ ನನ್ನ ಒಂದೊಂದು ಭಾವವೂ ಕಾಯಿಲೆಯ ಲೆಕ್ಕಕ್ಕೆ ಹೋಗುವುದನ್ನು ನೋಡುತ್ತ ಕೂರುವುದು ಕಾಯಿಲೆಗಿಂತ ಕಷ್ಟವಾಗಿತ್ತು. ಕೊನೆಗೆ ಒಂದು ಭಾನುವಾರ ಇಬ್ಬರೂ ಕುಳಿತು ಒಂದು ಹಾಳೆ ಬರೆದೆವು. ಸತತ ಎರಡು ರಾತ್ರಿ ನಾಲ್ಕು ಗಂಟೆಗಿಂತ ಕಡಿಮೆ ನಿದ್ದೆ ಮಾಡಿಯೂ ದಣಿವಿಲ್ಲದಿರುವುದು, ತಡರಾತ್ರಿ ಫೋನ್ ಕರೆಗಳು, ಹೇಳದೆ ಮಾಡುವ ದೊಡ್ಡ ಖರ್ಚು: ಇವುಗಳಲ್ಲಿ ಎರಡು ಕೂಡಿ ಬಂದರೆ ಅವರು ವೈದ್ಯರಿಗೆ ಫೋನ್ ಮಾಡಬಹುದು, ನಾನು ತಡೆಯಬಾರದು. ಉಳಿದಂತೆ ನಕ್ಕರೆ ಅದು ನಗು, ಮುನಿದರೆ ಅದು ಮುನಿಸು. ಆ ಹಾಳೆ ಇಂದಿಗೂ ಬೀರುವಿನ ಬಾಗಿಲ ಒಳಗೆ ಅಂಟಿದೆ.

ಅತ್ತೆಯವರಿಗೆ. ಈ ಕಾಯಿಲೆಗೆ ನಾನು ನುಂಗುವ ಲಿಥಿಯಂ ಒಂದು ಬಗೆಯ ಲವಣ. ಮೈಯಲ್ಲಿ ನೀರು ಇಲ್ಲವೇ ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಅದರ ಮಟ್ಟ ಏರಿ ಅಪಾಯವಾಗುತ್ತದೆ. ನಾಲ್ಕು ದಶಕ ಏಕಾದಶಿಯಂದು ತೊಟ್ಟು ನೀರೂ ಮುಟ್ಟದ ಅವರಿಗೆ ಇದನ್ನು ಹೇಗೆ ಹೇಳುವುದೆಂದು ಹೆದರಿದ್ದೆ. ಅವರು ಕೇಳಿಸಿಕೊಂಡು, "ನಿನ್ನ ಪಾಲಿನ ಉಪವಾಸವನ್ನೂ ನಾನೇ ಮಾಡುತ್ತೇನೆ, ನೀನು ನೀರು ಕುಡಿ" ಎಂದರು. ನಾನು ಮಂಡಿನೋವಿಗೆ ಐಬುಪ್ರೊಫೆನ್ ಮಾತ್ರೆ ಕೇಳಿದಾಗ, ನನ್ನ ಲಿಥಿಯಂ ಚೀಟಿ ನೆನಪಿಟ್ಟುಕೊಂಡು "ವೈದ್ಯರನ್ನು ಕೇಳದೆ ಇದು ಬೇಡ ಅಮ್ಮಾ" ಎಂದ ಔಷಧಿ ಅಂಗಡಿಯವರಿಗೂ ನಮಸ್ಕಾರ. ಈ ಲವಣ ಉನ್ಮಾದವನ್ನು ಇಳಿಸುತ್ತದೆ ಎಂದು 1949ರಲ್ಲಿ ಬರೆದ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಅವರಿಗೂ. ಮಾತ್ರೆ ತಿಂದರೆ ಬುದ್ಧಿ ಮಂಕಾಗುತ್ತದೆ ಎಂದು ಎಷ್ಟೋ ಜನ ಹೆದರಿಸಿದ್ದರು. ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತ ಬೋರ್ಡಿನ ಮೇಲೆ ಬರೆಯುವಾಗ ಕೈ ಕೊಂಚ ನಡುಗುತ್ತದೆ, ನಿಜ. ತ್ರಿಕೋನಮಿತಿ ಎಲ್ಲಿಗೂ ಹೋಗಿಲ್ಲ.

ಕಾಲೇಜಿನ ಸಹೋದ್ಯೋಗಿಯೊಬ್ಬರು ಒಮ್ಮೆ "ಬೆಂಗಳೂರಿನ ಹವೆಗೆ ಬೈಪೋಲಾರ್, ಬೆಳಗ್ಗೆ ಬಿಸಿಲು ಸಂಜೆ ಮಳೆ" ಎಂದಿದ್ದರು. ನನ್ನ ವಿಷಯ ತಿಳಿದ ಮೇಲೆ ಅವರೇ ಬಂದು, "ಹಾಗಾದರೆ ಅದು ನಿಜವಾಗಿ ಹೇಗಿರುತ್ತದೆ?" ಎಂದು ಕೇಳಿದರು. ಗಳಿಗೆಗೊಂದು ಮನಸ್ಸಲ್ಲ, ಉನ್ಮಾದವೆಂದರೆ ಸಾಮಾನ್ಯವಾಗಿ ವಾರವಾದರೂ ಇರುತ್ತದೆ, ಖಿನ್ನತೆ ಎರಡು ವಾರಕ್ಕೂ ಮೀರಿ ತಿಂಗಳುಗಟ್ಟಲೆ ಎಳೆಯಬಹುದು, ನಡುವೆ ಎಲ್ಲರ ಹಾಗೆ ಇರುವ ದೀರ್ಘ ಕಾಲವೂ ಇರುತ್ತದೆ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು. ಹಾಗೆ ಕೇಳಿದವರು ಅವರೊಬ್ಬರೇ. ಈಗ ಕಷ್ಟದಲ್ಲಿರುವ ವಿದ್ಯಾರ್ಥಿಗಳಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು ಎಂದು ಹೇಳಿ, ಬರೆದುಕೊಡುವವರೂ ಅವರೇ.

ತಮ್ಮನಿಗೆ. ಅವನ ಮದುವೆಯ ಹಿಂದಿನ ರಾತ್ರಿ ಛತ್ರವಿಡೀ ಎಚ್ಚರವಾಗಿತ್ತು. ನಿದ್ದೆಗೆಟ್ಟರೆ ನನಗೆ ಏರುತ್ತದೆ ಎಂದು ಅವನಿಗೆ ಗೊತ್ತು. ಹತ್ತು ಗಂಟೆಗೆ ಮೂಲೆಯ ಕೋಣೆಯ ಬೀಗದ ಕೈ ತಂದು ಕೈಗಿಟ್ಟು, "ಅಕ್ಕ, ಮಲಗು. ಬೆಳಗ್ಗೆ ಆರತಿಗೆ ನೀನು ಬೇಕು" ಎಂದ. ಮರುದಿನ ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಯಾರೂ ಮಾತ್ರೆಯ ಮಾತೆತ್ತಲಿಲ್ಲ.

ಮೊನ್ನೆ ನೀರಿನ ಟ್ಯಾಂಕರ್ ಹಣದ ವಿಷಯಕ್ಕೆ ಯಜಮಾನರೊಂದಿಗೆ ಜೋರು ಜಗಳವಾಯಿತು. ನಾನು ಕೂಗಿದೆ, ಅವರೂ ಅಷ್ಟೇ ಜೋರಾಗಿ ಕೂಗಿದರು. ಬೀರುವಿನ ಕಡೆಗೆ ಅವರು ತಿರುಗಿಯೂ ನೋಡಲಿಲ್ಲ.