ಮಗಳಿಗೊಂದು ಪತ್ರ: ತುಂಬಿದ್ದು ತುಂಬಿದಂತೆ ವಾಪಸ್ ಹೋದ ಡಬ್ಬಿ

ಬೀದರ್

ಗ್ರೇಸಿ,

ನಿನ್ನೆ ರಾತ್ರಿ ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. "ಮದುವೆಗೆ ಶಾಂತಾ ಕಾಕು ಮನೆಯವರನ್ನ ಕರೀಬೇಡವ್ವ, ನಮ್ಮ ಪಾಸ್ಟರ್ ಒಪ್ಪಲ್ಲ" ಅಂದೆಯಲ್ಲ, ಆಗಲೇ ಉತ್ತರ ಕೊಡಬೇಕಿತ್ತು. ಬಾಯಿ ಕಟ್ಟಿತು. ಎಳ್ಳಮಾಸಿ ಹಬ್ಬದ ದಿನವೂ ಹೀಗೇ ಆಗಿತ್ತು.

2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಕಡೆ ಚರ್ಚುಗಳ ಮೇಲೆ ದಾಳಿ ನಡೆದಾಗ ನಾವು ಯಾರ ಪಡಸಾಲೆಯಲ್ಲಿ ಮಲಗಿದ್ದೆವು ಅನ್ನೋದು ನಿನಗೂ ಗೊತ್ತು. ಅದನ್ನು ಬರೆಯೋದಿಲ್ಲ.

ನನ್ನ ಕಣ್ಣ ಮುಂದೆ ಎಳ್ಳಮಾಸಿ ದಿನದ ಆ ಡಬ್ಬಿಯೇ ಇದೆ. ನಾಲ್ಕು ಖಾನೆಯ ಸ್ಟೀಲ್ ಡಬ್ಬಿ, ಮುಚ್ಚಳದ ಮೇಲೆ ಕಾಕಾನ ಹೆಸರು. ಕಾಕು ಹೊಲದಲ್ಲಿ ಭೂಮಿತಾಯಿಗೆ ಎಡೆ ಇಟ್ಟು, ಚರಗ ಚೆಲ್ಲಿ ನೇರ ನಮ್ಮ ಮನೆಗೇ ಬಂದಿದ್ದರು. ಕಾಲಿಗೆ ಇನ್ನೂ ಕರಿಮಣ್ಣು ಮೆತ್ತಿತ್ತು. ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ನೀನು "ಇದು ಸೈತಾನನ ಊಟ" ಅಂದು ಮುಚ್ಚಳ ಕೂಡ ತೆಗೆಯದೆ ಅವರ ಕೈಗೇ ಕೊಟ್ಟೆ. ಕಾಕು ಏನೂ ಅನ್ನಲಿಲ್ಲ. ಸೆರಗಿನಿಂದ ಹಿಡಿಕೆ ಒರೆಸಿಕೊಂಡು ಹೊರಟರು. ಇಷ್ಟು ವರ್ಷದಲ್ಲಿ ಆ ಡಬ್ಬಿ ನಮ್ಮ ಮನೆಯಿಂದ ಖಾಲಿ ಹೋದದ್ದಿಲ್ಲ. ಕ್ರಿಸ್ಮಸ್ಸಿಗೆ ಕರಜಿಕಾಯಿ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ತುಂಬಿದ್ದು ತುಂಬಿದಂತೆ ಹೋದದ್ದು ಅವತ್ತೇ. ನಾನು ಅಡುಗೆಮನೆ ಬಾಗಿಲಲ್ಲಿ ಸುಮ್ನೆ ನಿಂತಿದ್ದೆ. ತಪ್ಪು ನನ್ನದೇ ಜಾಸ್ತಿ. ನಿನ್ನನ್ನು ಅಲ್ಲೇ ತಡೆದಿದ್ದರೆ ಇಲ್ಲಿಯವರೆಗೆ ಬರುತ್ತಿರಲಿಲ್ಲ. ಕ್ಷಮಿಸು.

ನೀನು ಬೈಬಲಿನಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯ ತೆಗೆದು ತೋರಿಸಿದೆ. ಎಡೆ ಇಟ್ಟದ್ದು ಅಂತ ಯಾರಾದರೂ ಹೇಳಿದರೆ ತಿನ್ನಬೇಡಿ ಅಂತ ಪೌಲ ಬರೆದಿದ್ದಾನೆ, ಹೌದು. ದೆವ್ವದ ಮಾತೂ ಅಲ್ಲಿದೆ. ಆದರೆ ನಂಬದವರು ಊಟಕ್ಕೆ ಕರೆದರೆ ಬಡಿಸಿದ್ದನ್ನು ತಿನ್ನಿ ಅಂತಲೂ ಅಲ್ಲೇ ಇದೆ. ಬೇಡ ಅನ್ನೋದೂ ಎದುರಿನವರ ಮನಸ್ಸಿಗೋಸ್ಕರ, ನಿಮಗೋಸ್ಕರ ಅಲ್ಲ ಅಂತ 29ನೇ ವಚನ ಹೇಳುತ್ತದೆ. ಕೈ ಮುಗಿದು ಬೇಡ ಅನ್ನಬಹುದಿತ್ತು, ಅಲ್ವಾ? ಲೂಕನ 9ನೇ ಅಧ್ಯಾಯವನ್ನೂ ಓದು. ಸಮಾರ್ಯದ ಒಂದು ಊರಿನವರು ಯೇಸುಸ್ವಾಮಿಯನ್ನು ಸೇರಿಸಲಿಲ್ಲ. ಆಕಾಶದಿಂದ ಬೆಂಕಿ ಬೀಳಿಸೋಣವೇ ಅಂತ ಯಾಕೋಬ, ಯೋಹಾನರು ಕೇಳಿದರು. ಸ್ವಾಮಿ ಗದರಿಸಿದ್ದು ಊರಿನವರನ್ನಲ್ಲ, ಶಿಷ್ಯರನ್ನು.

ಮತ್ತೆ ಬೋಧನೆ ಶುರು ಮಾಡಿದೆ ಅಂತೀಯ. ಅನ್ನು. ನೀನು ನಸುಕಿನಲ್ಲೇ ಎದ್ದು ಪ್ರಾರ್ಥನೆಗೆ ಕೂರುವುದು ನೋಡಿ ನನಗೆ ಹೆಮ್ಮೆ. ನಾನು ಯಾವತ್ತೂ ಅಷ್ಟು ಮಾಡಿದವಳಲ್ಲ. ಆದರೆ ನೀನು ಕಳಿಸಿದ ವಿಡಿಯೋದಲ್ಲಿ ಪಾಸ್ಟರ್ ಬೇರೆಯವರ ದೇವರನ್ನು ಬೈಯುವಾಗ ಎಲ್ಲರೂ ಆಮೆನ್ ಅಂದರು. ಅದರಲ್ಲಿ ನಿನ್ನ ದನಿಯೂ ಕೇಳಿತು. ನನ್ನ ಎದೆ ಝಲ್ಲೆಂದಿತು. 2011ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಒಬ್ಬ ಪಾಸ್ಟರ್ ತನ್ನ ಚರ್ಚಿನಲ್ಲೇ ಕುರಾನ್ ಸುಡಿಸಿದ. ಕೆಲವೇ ದಿನಕ್ಕೆ ಅಫ್ಘಾನಿಸ್ತಾನದ ಮಜಾರ್-ಎ-ಷರೀಫಿನಲ್ಲಿ ಸಿಟ್ಟಿಗೆದ್ದ ಗುಂಪು ವಿಶ್ವಸಂಸ್ಥೆಯ ಕಚೇರಿಗೆ ನುಗ್ಗಿ ಅಲ್ಲಿ ಕೆಲಸಕ್ಕಿದ್ದ 7 ಜನರನ್ನು ಕೊಂದಿತು. ಕೊಂದವರ ಪಾಪ ಕೊಂದವರಿಗೆ. ಆದರೆ ಕಿಡಿ ಹಾಕಿದವನು ನಮ್ಮ ಯೇಸುವಿನ ಹೆಸರು ಹೇಳುವವನು, ಗ್ರೇಸಿ. ಅವನಿಗೂ ಮೊದಲು ಯಾರೋ ಆಮೆನ್ ಅಂದಿರಬೇಕು.

ಮದುವೆ ಪತ್ರಿಕೆ ಅಚ್ಚಾಗಿ ಬಂದಿವೆ. ಮೊದಲನೆಯದು ಕಾಕು ಮನೆಗೆ. ನಾಳೆ ಸಂಜೆ ಹೋಗುತ್ತೇನೆ, ಅಲ್ಲಿಂದಲೇ ಫೋನ್ ಮಾಡುತ್ತೇನೆ. ಎತ್ತು. ಫೋನ್ ಕಾಕು ಕೈಗೆ ಕೊಡುತ್ತೇನೆ.

ನಿನ್ನ ಅವ್ವ