ಹಳೇ ಸೇತುವೆ ಮೇಲೆ ಮನೆ: ನೀರಿನ ತೂತು ಬಿಡಿಸುವವರು ಯಾರು?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಟಲಿಯ ಹಳೇ ಹೆದ್ದಾರಿ ಸೇತುವೆಗಳನ್ನು ವಸತಿ ಬಡಾವಣೆ ಮಾಡುವ ಯೋಚನೆ ಬಗ್ಗೆ ಬರೆದಿದ್ದಿರಿ. ಚಿತ್ರಗಳು ಚೆನ್ನಾಗಿದ್ದವು. ಕಂಬಗಳ ನಡುವೆ ಮನೆ, ರಸ್ತೆ ಇದ್ದಲ್ಲಿ ತೋಟ, ಕೆಳಗೆ ಕಾಣುವ ಸಮುದ್ರ. ನಮ್ಮೂರಿನ ಹೋಟೆಲಿನಲ್ಲಿ ಆ ಪುಟ ಎಲ್ಲರ ಕೈ ಸುತ್ತಿತು. "ಹಾಗಾದ್ರೆ ನಮ್ಮ ಹೊಳೆ ಸೇತುವೆ ಮೇಲೂ ಸೈಟ್ ಮಾಡ್ತಾರಾ? ನನಗೊಂದು ಕಾರ್ನರ್ ಸೈಟ್ ಇರಲಿ" ಎಂದರು ಒಬ್ಬರು. ಸೇತುವೆಗೆ ಕಾರ್ನರ್ ಎಲ್ಲಿಂದ ಬರಬೇಕೋ ನಾನರಿಯೆ. ಆದರೆ ಸೇತುವೆ, ಮೋರಿ ಕೆಲಸ ನೋಡಿಕೊಂಡೇ ಸರ್ವಿಸ್ ಮುಗಿಸಿದ ಕಿರಿಯ ಎಂಜಿನಿಯರ್ ನಾನು. ಎಲ್ಲರೂ ನನ್ನ ಕಡೆ ತಿರುಗಿದರು. ಕಾಫಿ ಮುಗಿಯುವುದರೊಳಗೆ ಹೇಳುವ ವಿಷಯ ಅದಲ್ಲ, ಅದಕ್ಕೇ ಈ ಪತ್ರ.

ಇಟಲಿಯದ್ದು ಸುಮ್ನೆ ಹುಟ್ಟಿದ ಯೋಚನೆಯೇನೂ ಅಲ್ಲ. ಸಲೆರ್ನೊದಿಂದ ರೆಜ್ಜೊ ಕಲಾಬ್ರಿಯಾಕ್ಕೆ ಹೋಗುವ ಹೆದ್ದಾರಿ 1960-70ರ ದಶಕದಲ್ಲಿ ಆದದ್ದು. ಬೆಟ್ಟ ನೇರವಾಗಿ ಸಮುದ್ರಕ್ಕೆ ಇಳಿಯುವ ಜಾಗ. ಆಮೇಲೆ ರಸ್ತೆ ಸುಧಾರಿಸುವಾಗ ಕೆಲವು ಕಡೆ ಹೊಸ ಸುರಂಗ, ಹೊಸ ಸೇತುವೆ ಮಾಡಿ ಹಳೇ ಎತ್ತರದ ಸೇತುವೆಗಳನ್ನು ಕೈಬಿಟ್ಟರು. ಒಡೆಯೋಣವೆಂದರೆ ಅದಕ್ಕೂ ದುಡ್ಡು ಬೇಕು. ಹಾಗಾಗಿ 2010ರ ಸುಮಾರಿಗೆ ಇವನ್ನು ಏನು ಮಾಡಬಹುದು ಹೇಳಿ ಎಂದು ವಾಸ್ತುಶಿಲ್ಪಿಗಳಿಗೆ ಸ್ಪರ್ಧೆ ಇಟ್ಟರು. ಸೇತುವೆಯ ಹೊಟ್ಟೆಗೆ ಮನೆ ತೂಗುಹಾಕುವ ನಕ್ಷೆಗಳು ಬಂದವು. ಲೋಕವೆಲ್ಲ ಅವನ್ನು ನೋಡಿ ಭೇಷ್ ಎಂದಿತು. ನಕ್ಷೆ ನಕ್ಷೆಯಾಗೇ ಉಳಿಯಿತು.

ಅದಕ್ಕೂ ಹಿಂದೆ, 1930ರ ದಶಕದಲ್ಲಿ, ಲ ಕಾರ್ಬುಸಿಯೇ ಎಂಬ ಹೆಸರಾಂತ ವಾಸ್ತುಶಿಲ್ಪಿ ಉತ್ತರ ಆಫ್ರಿಕಾದ ಆಲ್ಜಿಯರ್ಸ್ ಪಟ್ಟಣಕ್ಕೆ ಇಂಥದ್ದೇ ಒಂದು ನಕ್ಷೆ ಮಾಡಿದ್ದರು. ಮೇಲೆ ಹೆದ್ದಾರಿ, ಅದರಡಿ 1,80,000 ಜನಕ್ಕೆ ಮನೆ. ಅದೂ ಆಗಲಿಲ್ಲ. ಆದದ್ದು ಇನ್ನೂ ಹಳೆಯದು. 1209ರಲ್ಲಿ ಮುಗಿದ ಲಂಡನ್ ಸೇತುವೆಯ ಮೇಲೆ ಐನೂರು ವರ್ಷಕ್ಕೂ ಜಾಸ್ತಿ ಮನೆ, ಅಂಗಡಿಗಳಿದ್ದವು. ಜರ್ಮನಿಯ ಎರ್ಫರ್ಟ್‌ನಲ್ಲಿ ಈಗಲೂ ಸೇತುವೆ ಮೇಲೆ ಸಂಸಾರ ಮಾಡುವವರಿದ್ದಾರೆ. ಇವೆರಡೂ ಕಲ್ಲಿನ ಕಮಾನಿನವು ಅನ್ನುವುದನ್ನು ಮರೆಯಬಾರದು. ಕಮಾನಿಗೆ ಸಮನಾಗಿ ಭಾರ ಹೇರಿದರೆ ಕಲ್ಲು ಕಲ್ಲನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಈಗಿನ ಸೇತುವೆಗಳ ಕಾಂಕ್ರೀಟ್ ತೊಲೆಯ ಗುಣ ಬೇರೆ.

ಹೋಟೆಲಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, "ಭಾರ ತಡೀತದಾ?" ತಡೆಯುತ್ತದೆ. ಮನೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಎಂದು ಲೆಕ್ಕ ಹಿಡಿಯುತ್ತೇವೆ. ನಮ್ಮ ಹೆದ್ದಾರಿ ಸೇತುವೆಗಳಿಗೆ ಟ್ಯಾಂಕಿನಂಥ 70 ಟನ್ನಿನ ಚೈನ್ ಗಾಡಿ ಹತ್ತಿದರೂ ಅಲ್ಲಾಡಬಾರದು ಎಂದು ಲೆಕ್ಕ. ಎಡವಟ್ಟು ಆಗುವುದು ಗೋಡೆಯಿಂದ. ಒಂಬತ್ತಿಂಚಿನ ಇಟ್ಟಿಗೆ ಗೋಡೆ ಹತ್ತಡಿ ಎಬ್ಬಿಸಿದರೆ ಒಂದೊಂದು ಮೀಟರ್ ಉದ್ದಕ್ಕೂ ಒಂದು ಟನ್ನಿಗಿಂತ ಜಾಸ್ತಿ ತೂಕ. ಲಾರಿ ಬರುತ್ತದೆ, ಹೋಗುತ್ತದೆ. ಗೋಡೆ ಹಗಲೂ ರಾತ್ರಿ ನಿಂತಿರುತ್ತದೆ. ನಿಂತ ಭಾರಕ್ಕೆ ಕಾಂಕ್ರೀಟ್ ವರ್ಷಗಟ್ಟಲೆ ನಿಧಾನವಾಗಿ ಜಗ್ಗುತ್ತದೆ. ಇಟ್ಟಿಗೆ ಬಿಟ್ಟು ಹಗುರ ಶೀಟು, ಪೈಪಿನ ಮನೆ ಮಾಡಿದರೆ ಇದನ್ನೂ ದಾಟಬಹುದು ಅನ್ನಿ.

ದಾಟಲಾಗದ್ದು ಮುಂದಿದೆ. ಸೇತುವೆ ಅಲ್ಲಾಡದೆ ಮಲಗಿರುವ ವಸ್ತುವಲ್ಲ. 40 ಮೀಟರಿನ ಒಂದು ಸ್ಪ್ಯಾನ್, ಅಂದರೆ ಎರಡು ಕಂಬಗಳ ನಡುವಿನ ಭಾಗ, ಚಳಿಗಾಲಕ್ಕೂ ಬೇಸಿಗೆಗೂ ನಡುವೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಹಿಗ್ಗಿ ಕುಗ್ಗುತ್ತದೆ. ಅದಕ್ಕೇ ಎರಡು ಸ್ಪ್ಯಾನ್ ನಡುವೆ ಜಾಯಿಂಟ್ ಅಂತ ಸಂದು ಬಿಡುತ್ತೇವೆ. ನಿಮ್ಮ ಅಡುಗೆಮನೆ ಗೋಡೆ ಅದರ ಮೇಲೆ ಬಂತೋ, ಪ್ರತಿ ಬೇಸಿಗೆಗೂ ಬಿರುಕು ಗ್ಯಾರಂಟಿ. ಸ್ಪ್ಯಾನಿನ ತುದಿ ಕೂರುವುದು ಕಂಬದ ತಲೆಯ ಮೇಲಿಟ್ಟ ರಬ್ಬರ್ ದಿಂಬಿನ ಮೇಲೆ, ಅದಕ್ಕೆ ಬೇರಿಂಗ್ ಅನ್ನುತ್ತೇವೆ. ಸೇತುವೆ ಬಾಳಿದಷ್ಟು ಕಾಲ ಅದು ಬಾಳುವುದಿಲ್ಲ. ಬದಲಿಸಬೇಕೆಂದರೆ ಇಡೀ ಸ್ಪ್ಯಾನನ್ನು ಜಾಕಿ ಕೊಟ್ಟು ಎತ್ತಬೇಕು. ಒಲೆ ಮೇಲೆ ಅನ್ನ ಬೇಯುತ್ತಿರುವ ಮನೆಗಳ ಸಮೇತ ಎತ್ತುವುದೋ, ಎಲ್ಲರನ್ನೂ ಇಳಿಸಿ ಎತ್ತುವುದೋ?

ಇನ್ನು ನೀರು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಮುಂದಿನ ಸಲ ಯಾವುದಾದರೂ ಸೇತುವೆ ದಾಟುವಾಗ ಗಾಡಿ ನಿಲ್ಲಿಸಿ, ಕೈಗಂಬಿಯ ಬುಡ ನೋಡಿ. ಒಂದು ಅಂಗೈ ಅಗಲದ ತೂತು ಇರುತ್ತದೆ, ಮೇಲೊಂದು ಕಬ್ಬಿಣದ ಜಾಲರಿ. ಮಳೆನೀರು ಸೇತುವೆಯ ಹಾಸಿನ ಮೇಲೆ ನಿಲ್ಲದೆ ಹೊಳೆಗೆ ಬೀಳಲಿ ಎಂದು ಇಟ್ಟದ್ದು. ನೂರಕ್ಕೆ ತೊಂಬತ್ತು ಕಡೆ ಅದು ಕಾಣುವುದೇ ಇಲ್ಲ. ಟ್ರ್ಯಾಕ್ಟರ್ ಚಕ್ರದ ಕೆಸರು, ತರಗೆಲೆ, ಗುಟ್ಕಾ ಚೀಟಿ ಎಲ್ಲ ಸೇರಿ ಗಟ್ಟಿಯಾಗಿ ಅದರ ಮೇಲೆ ಹುಲ್ಲು ಬೆಳೆದಿರುತ್ತದೆ. ತೂತು ಮುಚ್ಚಿದರೆ ನೀರು ಜಾಯಿಂಟಿಗೆ ಹರಿಯುತ್ತದೆ. ಅಲ್ಲಿಂದ ಬೇರಿಂಗ್, ಕಂಬದ ತಲೆ. ನಿಧಾನಕ್ಕೆ ಒಳಗಿನ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟು ಹೊಪ್ಪಳೆಯಾಗಿ ಉದುರುತ್ತದೆ. ಅಷ್ಟರಲ್ಲಿ ಜಾಯಿಂಟಿನಲ್ಲಿ ಒಂದು ಅರಳಿ ಗಿಡ ಎದ್ದಿರುತ್ತದೆ. ಅರಳಿ ಎಂದು ಗ್ಯಾಂಗಿನವರು ಕೀಳಲು ಹಿಂದೆಮುಂದೆ ನೋಡುತ್ತಾರೆ. ಒಮ್ಮೆ ನಾನೇ ಕತ್ತಿ ತಗೊಂಡು ಕಿತ್ತೆ. ಪಾಪ ಬಂದರೆ ನನಗೆ ಬರಲಿ ಎಂದೆ.

ಇಷ್ಟೆಲ್ಲ ಆಗುವುದು ಗಾಡಿ ಓಡುವ ಸೇತುವೆಯಲ್ಲಿ. ಅಲ್ಲಿ ಗುಂಡಿ ಬಿದ್ದರೆ ಬೈಯುವವರಿರುತ್ತಾರೆ, ಬಸ್ಸಿನವರು ದೂರು ಕೊಡುತ್ತಾರೆ, ನಿಮ್ಮ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಇಷ್ಟಿದ್ದೂ ಅದೇ ಇಟಲಿಯ ಜೆನೋವಾದಲ್ಲಿ 2018ರ ಆಗಸ್ಟ್ 14ರಂದು ಮೊರಾಂಡಿ ಸೇತುವೆ ಕುಸಿದು 43 ಜನ ಸತ್ತರು. ಹಗಲಿರುಳೂ ಗಾಡಿ ಓಡುತ್ತಿದ್ದ ಸೇತುವೆ ಅದು. ಕಾಂಕ್ರೀಟಿನೊಳಗಿದ್ದ ಉಕ್ಕಿನ ಹಗ್ಗ ತುಕ್ಕು ಹಿಡಿದದ್ದು ಹೊರಗಿನ ಕಣ್ಣಿಗೆ ಕಾಣುತ್ತಿರಲಿಲ್ಲ. ಹಾಗಿರುವಾಗ ಗಾಡಿಯೇ ಓಡದ ಸೇತುವೆಯ ಗತಿ ಏನು? ಹೊಸ ಸೇತುವೆ ಉದ್ಘಾಟನೆಯಾದ ಮಾರನೇ ದಿನ ಹಳೆಯದು ಅನಾಥ. ಎರಡು ಕಲ್ಲು, ನಾಲ್ಕು ಡ್ರಮ್ ಅಡ್ಡ ಇಟ್ಟರೆ ಅಲ್ಲಿಗೆ ಮುಗಿಯಿತು. ನಾನು ಕೆಲಸದಲ್ಲಿದ್ದಾಗ ಹೀಗೆ ಬಿಟ್ಟ ಒಂದು ಸೇತುವೆಯ ತೂತು ಬಿಡಿಸಲು ಆಳು ಕೇಳಿ ಬರೆದಿದ್ದೆ. "ಬಳಕೆಯಲ್ಲಿಲ್ಲದ ಕಾಮಗಾರಿಗೆ ಅನುದಾನವಿಲ್ಲ" ಎಂದು ಕಾಗದ ವಾಪಸ್ ಬಂತು. ನಿಯಮದ ಪ್ರಕಾರ ಸರಿಯೇ ಇರಬೇಕು!

ಮನೆ ಬಂದರೆ ದಿಕ್ಕಿಲ್ಲದ ಸೇತುವೆಗೆ ದಿಕ್ಕಾಗುತ್ತದಲ್ಲ ಎಂದು ಕೆಲವರು ಹೇಳಬಹುದು. ಈ ವಾದ ನನಗೂ ಇಷ್ಟವೇ. ಆದರೆ ಮನೆಯವನಿಗೆ ಯಾವ ಕಾಗದ ಕೊಡುತ್ತೀರಿ? ಕೆಳಗೆ ಹೊಳೆ, ಮೇಲೆ ಹೆದ್ದಾರಿ ಜಾಗ, ನಡುವೆ ಗಾಳಿ. ಪಂಚಾಯಿತಿ ಆಸ್ತಿ ದಾಖಲೆಯ ಇ-ಸ್ವತ್ತಿನಲ್ಲಿ ನಮೂನೆ 9, 11 ಯಾರ ಹೆಸರಿಗೆ? ಬ್ಯಾಂಕಿನವರು ಯಾವುದರ ಮೇಲೆ ಸಾಲ ಕೊಡುತ್ತಾರೆ? ನಮ್ಮ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕಾಗಿ ಊರು ಬಿಟ್ಟವರ ಮೊಮ್ಮಕ್ಕಳು ಗಟ್ಟಿ ನೆಲದ ಮೇಲಿನ ಮನೆ, ಗದ್ದೆಗೇ ಹಕ್ಕುಪತ್ರ ಸಿಗದೆ ಈಗಲೂ ಕಚೇರಿ ಅಲೆಯುತ್ತಿದ್ದಾರೆ. ಆ ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸಿಗಂದೂರು ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆಯಿತು. ಅಲ್ಲಿಯವರೆಗೆ ಬಾಣಂತಿಯೂ ಲಾಂಚಿಗೆ ಕಾಯಬೇಕಿತ್ತು. ಇಂಥವರ ಮುಂದೆ ಹೋಗಿ ಗಾಳಿಯಲ್ಲಿ ಸೈಟ್ ಕೊಡುತ್ತೇವೆ ಎಂದರೆ ನಗದೆ ಇನ್ನೇನು ಮಾಡುತ್ತಾರೆ?

ಸೇತುವೆಯ ಮೇಲೆ ಬೇಡ, ಕೆಳಗೆ ಏನಾದರೂ ಮಾಡಬಹುದು. ಪ್ಯಾರಿಸ್‌ನಲ್ಲಿ 1859ರ ರೈಲು ಸೇತುವೆಯೊಂದಿದೆ. 1969ರಲ್ಲಿ ಅಲ್ಲಿ ರೈಲು ನಿಂತಿತು. ಆಮೇಲೆ ಮೇಲುಗಡೆ ಗಿಡ ನೆಟ್ಟು ಓಡಾಡುವ ದಾರಿ ಮಾಡಿದರು, ಕೆಳಗಿನ ಕಮಾನುಗಳನ್ನು ಕುಶಲಕರ್ಮಿಗಳಿಗೆ ಬಾಡಿಗೆಗೆ ಕೊಟ್ಟರು. ನಮ್ಮ ಪಟ್ಟಣಗಳ ಸೇತುವೆ ಕೆಳಗೆ ಈ ಕೆಲಸ ಸರ್ಕಾರ ಹೇಳದೆಯೇ ನಡೆದಿದೆ. ಕತ್ತಿ ಕುಡುಗೋಲು ತಟ್ಟುವವರು, ಪ್ಲಾಸ್ಟರಿನ ಬೊಂಬೆ ಮಾಡುವವರು ಟಾರ್ಪಾಲಿನ್ ಕಟ್ಟಿಕೊಂಡು ಅಲ್ಲೇ ಇದ್ದಾರೆ. ಯಾರಾದರೂ ದೊಡ್ಡವರು ಊರಿಗೆ ಬರುವ ಹಿಂದಿನ ದಿನ ಅವರನ್ನು ಎಬ್ಬಿಸುತ್ತಾರೆ. ಸೇತುವೆ ವಸತಿಯ ಬಗ್ಗೆ ನಿಜವಾಗಿ ಆಸಕ್ತಿ ಇದ್ದರೆ ಆ ಜನಕ್ಕೆ ಒಂದು ನಲ್ಲಿ, ಒಂದು ಶೌಚಾಲಯ, ಎಬ್ಬಿಸುವುದಿಲ್ಲ ಎಂಬ ಒಂದು ಕಾಗದ ಕೊಡುವುದರಿಂದ ಶುರು ಮಾಡಲಿ.

ನಮ್ಮ ಹಳೇ ಸೇತುವೆಗಳ ಬಗ್ಗೆ ನಾನು ಕೇಳುವುದು ಇಷ್ಟೇ. ಜಿಲ್ಲೆಯಲ್ಲಿ ಹೊಸ ಸೇತುವೆಯ ಪಕ್ಕ ಸುಮ್ನೆ ನಿಂತಿರುವ ಹಳೆಯವು ಎಷ್ಟು, ಒಂದೊಂದೂ ಯಾರ ವಶದಲ್ಲಿದೆ ಎಂದು ಒಂದು ರಿಜಿಸ್ಟರ್ ಆಗಲಿ. ಮೇ ತಿಂಗಳಲ್ಲಿ, ಮುಂಗಾರು ಹಿಡಿಯುವ ಮುಂಚೆ, ತೂತು ಬಿಡಿಸಿ ಗಿಡ ಕೀಳಲು ಇಬ್ಬರು ಆಳಿನ ಕೂಲಿಯನ್ನು ಅದೇ ರಿಜಿಸ್ಟರಿನಲ್ಲಿ ಬರೆದಿಡಲಿ. ಗಟ್ಟಿ ಇದ್ದದ್ದನ್ನು ನಡೆಯುವವರಿಗೆ, ಸೈಕಲ್ಲಿನ ಮಕ್ಕಳಿಗೆ ಬಿಡಲಿ. ಊರವರು ಅಡಿಕೆ ಒಣಗಿಸಿಕೊಂಡರೂ ನಷ್ಟವಿಲ್ಲ. ಅಷ್ಟು ಬಿಸಿಲು, ಗಾಳಿ ಬೀಳುವ ಅಂಗಳ ತೋಟದ ನಡುವೆ ಯಾರ ಮನೆಗೂ ಇಲ್ಲ, ಅಲ್ವಾ? ಗಟ್ಟಿ ಇಲ್ಲದ್ದನ್ನು ಧೈರ್ಯವಾಗಿ ಕೆಡವಲಿ.

ಪಟ್ಟಿ ಮಾಡಲು ಯಾರಾದರೂ ಹೊರಟರೆ ತೀರ್ಥಹಳ್ಳಿ, ಹೊಸನಗರ ಕಡೆಯ ಸೇತುವೆಗಳನ್ನು ತೋರಿಸಲು ನಾನು ಬರುತ್ತೇನೆ. ಮೊಣಕಾಲು ನೋವಿದೆ, ಕಂಬದ ಬುಡಕ್ಕೆ ಇಳಿಯಲಾರೆ. ಟೇಪ್ ಹಿಡಿದು ಮೇಲೆ ನಿಲ್ಲಬಲ್ಲೆ.

ಇಂತಿ ನಿಮ್ಮ ಓದುಗ,
ನಿವೃತ್ತ ಕಿರಿಯ ಎಂಜಿನಿಯರ್,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ