ಅಪ್ಪ, ಅಪೀಲು ಯಾಕೆ ಹಾಕಿದೆ ಅಂದ್ರೆ

ಅಪ್ಪ, ಅಮ್ಮ,

ಮೊನ್ನೆ ಫೋನಲ್ಲಿ ಅಪ್ಪ "ಮತ್ತೆ ಕೋರ್ಟು ಯಾಕಮ್ಮಾ, ಬಿಟ್ಟುಬಿಡು" ಅಂದಾಗ ಪುಟ್ಟಿ ಪಕ್ಕದಲ್ಲೇ ಕೂತು ಹೋಂವರ್ಕ್ ಮಾಡ್ತಿದ್ದಳು, ಅದಕ್ಕೇ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಈಗ ಮಲಗಿದ್ದಾಳೆ. ಎಲ್ಲಾ ಬರೆದು ಕಳಿಸ್ತಿದ್ದೇನೆ, ನಿಧಾನವಾಗಿ ಓದಿ.

ಮೊದಲಿಗೆ, ಇದು ಡಿವೋರ್ಸ್ ಕೇಸು ಮತ್ತೆ ಶುರುವಾಗಿದ್ದಲ್ಲ, ಪುಟ್ಟಿ ಖರ್ಚಿಗೆ ಅವಳಪ್ಪ ಕೊಡಬೇಕಾದ ಹಣ ಕಡಿಮೆ ಮಾಡಿದ ತೀರ್ಪಿನ ಮೇಲಿನ ಅಪೀಲು. ನಮ್ಮ ಕಡೆ ಜೀವನಾಂಶ ಬೇಕಂದ್ರೆ ಮೊದಲ ದಿನದಿಂದಲೇ ಕೋರ್ಟಿಗೆ ಅಲೀಬೇಕು. ಹಿಂದೆ 125ನೇ ಸೆಕ್ಷನ್ ಇದ್ದದ್ದು 2024ರ ಜುಲೈಯಿಂದ ಹೊಸ ಕಾನೂನಿನಲ್ಲಿ 144 ಆಗಿದೆ ಅಂತ ನೀವೇ ಹೇಳಿದ್ರಿ. ಆಸ್ಟ್ರೇಲಿಯಾದಲ್ಲಿ ಹಾಗಲ್ಲ. ಇಲ್ಲಿ 1989ರ ಒಂದು ಕಾನೂನಿದೆ, ಮಗುವಿನ ಖರ್ಚಿಗೆ ಯಾರು ಎಷ್ಟು ಕೊಡಬೇಕು ಅಂತ ಸರ್ಕಾರಿ ಕಚೇರಿಯೇ ಲೆಕ್ಕ ಹಾಕುತ್ತದೆ. ಅಪ್ಪ ಅಮ್ಮನ ಆದಾಯ, ಮಗುವಿನ ವಯಸ್ಸು, ವರ್ಷದಲ್ಲಿ ಮಗು ಯಾರ ಮನೆಯಲ್ಲಿ ಎಷ್ಟು ರಾತ್ರಿ ಮಲಗಿತು, ಮುಖ್ಯವಾಗಿ ಇಷ್ಟನ್ನು ನೋಡುತ್ತಾರೆ. ಆ ಲೆಕ್ಕ ಒಪ್ಪಿಗೆ ಆಗದಿದ್ದರೆ ಅದೇ ಕಚೇರಿಗೆ ಆಕ್ಷೇಪಣೆ. ಅಲ್ಲೂ ಆಗಲಿಲ್ಲ ಅಂದ್ರೆ ಟ್ರಿಬ್ಯುನಲ್, ಅಂದ್ರೆ ಕಚೇರಿಯ ತೀರ್ಮಾನವನ್ನು ಮತ್ತೆ ಪರಿಶೀಲಿಸೋ ಬೇರೆ ಮಂಡಳಿ. ಕೋರ್ಟು ಅದಾದ ಮೇಲೆ.

ನಮ್ಮನೆ ಫ್ರಿಜ್ ಮೇಲೆ ಸ್ಕೂಲಿನವರು ಕೊಟ್ಟ ಕ್ಯಾಲೆಂಡರ್ ಇದೆ. ಪುಟ್ಟಿ ಅವಳಪ್ಪನ ಮನೆಯಲ್ಲಿ ಮಲಗೋ ರಾತ್ರಿಗಳಿಗೆ ಪೆನ್ಸಿಲಲ್ಲಿ ಸುತ್ತು ಹಾಕಿ, ಹೋಗಿ ಬಂದ ಮೇಲೆ ಅದನ್ನು ಕೆಂಪು ಇಂಕಲ್ಲಿ ತಿದ್ದೋದು ಅವಳದ್ದೇ ಅಭ್ಯಾಸ. ವಾರ ಬಿಟ್ಟು ವಾರ ಶನಿವಾರ ಭಾನುವಾರ ಅಂದ್ರೆ ವರ್ಷಕ್ಕೆ 52 ರಾತ್ರಿ. ಎಷ್ಟೋ ಶನಿವಾರ ಬ್ಯಾಗು ಬಾಗಿಲ ಹತ್ತಿರ ಇಟ್ಟುಕೊಂಡು, ಶೂ ಹಾಕಿಕೊಂಡೇ ಕಾಯ್ತಿರ್ತಾಳೆ, ಸಂಜೆ ಆರಕ್ಕೆ "ಕೆಲಸ ಇದೆ, ಮುಂದಿನ ಸಲ" ಅಂತ ಮೆಸೇಜು ಬರುತ್ತೆ. ಆಗ ಮಾತಾಡದೆ ಎದ್ದು ಹೋಗಿ ಆ ಸುತ್ತನ್ನು ರಬ್ಬರಲ್ಲಿ ಅಳಿಸ್ತಾಳೆ. ಅಳಿಸಿದ ಜಾಗ ಬೂದಿ ಬಣ್ಣಕ್ಕೆ ತಿರುಗಿರುತ್ತೆ. ಕಳೆದ ವರ್ಷ ಕೆಂಪು ಸುತ್ತು 41.

ಇಲ್ಲಿನ ಲೆಕ್ಕದಲ್ಲಿ 52 ರಾತ್ರಿ ಅಂದ್ರೆ ನೂರಕ್ಕೆ 14. ಅದು ಮುಟ್ಟಿದರೆ ಮಗುವಿನ ಖರ್ಚಿನಲ್ಲಿ ನೂರಕ್ಕೆ 24 ಭಾಗ ಪುಟ್ಟಿ ಅಪ್ಪನೇ ನೋಡಿಕೊಂಡಂತೆ. ಒಂದು ರಾತ್ರಿ ಕಡಿಮೆಯಾದರೂ ಸೊನ್ನೆ. ಟ್ರಿಬ್ಯುನಲ್ ಅವರ ಮಾತು ನಂಬಿ 52 ಅಂತ ಬರೆಯಿತು. ಜೊತೆಗೆ ಅವರ ಬಿಸಿನೆಸ್ ಆದಾಯವನ್ನೂ ಇಳಿಸಿತು. ಬರುತ್ತಿದ್ದ ಹಣ ಅರ್ಧಕ್ಕಿಂತ ಕಡಿಮೆ ಆಯ್ತು, ಪುಟ್ಟಿ ಈಜು ಕ್ಲಾಸು ನಿಲ್ಲಿಸಿದೆ.

ಕ್ಯಾಲೆಂಡರ್ ತಗೊಂಡು ಕೋರ್ಟಿಗೆ ಹೋದರೆ ಸಾಕು ಅಂತ ನಾನು ಅಂದುಕೊಂಡಿದ್ದೆ. ಲೀಗಲ್ ಏಡ್ ವಕೀಲೆ ಒಬ್ಬರು ಮೊದಲ ಹತ್ತು ನಿಮಿಷದಲ್ಲೇ ಆಗಲ್ಲ ಅಂದ್ರು. ನಿಮಗೆ ಇದು ಬೇಗ ಅರ್ಥ ಆಗುತ್ತೆ ಅಪ್ಪ, ನಮ್ಮ ಹೈಕೋರ್ಟಿನಲ್ಲಿ ಆರ್‌ಎಸ್‌ಎ, ಅಂದ್ರೆ ಎರಡನೇ ಅಪೀಲು ಹಾಕಿದರೆ ಕಾನೂನಿನ ಪ್ರಶ್ನೆ ಇದೆಯಾ ಅಂತ ಮೊದಲು ನೋಡ್ತಾರಲ್ಲ, ಇಲ್ಲೂ ಹೆಚ್ಚುಕಡಿಮೆ ಹಾಗೇ. ಯಾರ ಮಾತು ನಂಬಬೇಕು, ಎಷ್ಟು ರಾತ್ರಿ ಅಂತ ತೀರ್ಮಾನಿಸೋದು ಟ್ರಿಬ್ಯುನಲ್ ಕೆಲಸ. ಅದು ನನಗೆ ತಪ್ಪು ಅನ್ನಿಸಿದ ಮಾತ್ರಕ್ಕೆ ಕೋರ್ಟು ಕೈ ಹಾಕೋದಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ. ಅವರು ನೀರು ಕೊಟ್ಟು, ಮತ್ತೆ ತೀರ್ಪು ಓದೋಕೆ ಶುರು ಮಾಡಿದ್ರು. ಒಂದು ಪ್ಯಾರಾದ ಮೇಲೆ ಬೆರಳು ನಿಲ್ಲಿಸಿ, "ಈ ಅಕೌಂಟೆಂಟ್ ಪತ್ರ ನಿಮಗೆ ಯಾವಾಗ ಬಂತು?" ಅಂದ್ರು.

ಬಂದೇ ಇರಲಿಲ್ಲ ಅಪ್ಪ. ಹಿಯರಿಂಗ್ ಮುಗಿದು ಒಂಬತ್ತು ದಿನದ ಮೇಲಿನ ತಾರೀಖು ಆ ಪತ್ರಕ್ಕಿತ್ತು. ಪುಟ್ಟಿ ಅಪ್ಪನ ಆದಾಯ ಇಳಿಸಿದ್ದೇ ಅದರ ಮೇಲೆ. ನನಗೆ ತೋರಿಸಿದ್ದರೆ ನಾನು ಸುಮ್ನೆ ಇರ್ತಿರಲಿಲ್ಲ, ಅದರಲ್ಲಿ ತೋರಿಸಿದ ನಷ್ಟದಲ್ಲಿ ದೊಡ್ಡ ಪಾಲು ಗಾಡಿಯ ಸವಕಳಿ, ಆ ಗಾಡಿ ಮನೆ ಓಡಾಟಕ್ಕೆ ಇರೋದು ಅಂತ ಫೋಟೋ ಸಮೇತ ಹೇಳ್ತಿದ್ದೆ. ಹೀಗೆ ನನಗೆ ತೋರಿಸದೆ ತೀರ್ಪು ಕೊಟ್ಟಿದ್ದು ಕಾನೂನಿನ ಪ್ರಶ್ನೆ. ತೋರಿಸಲಿಲ್ಲ ಅಂದರಷ್ಟೇ ಸಾಲದು, ತೋರಿಸಿದ್ದರೆ ತೀರ್ಪು ಬೇರೆ ಆಗುವ ಸಾಧ್ಯತೆ ಇತ್ತು ಅಂತಲೂ ಹೇಳಬೇಕು, ಅದನ್ನೂ ಬರೆದಿದ್ದೇವೆ.

ನಿಮ್ಮ ಟೇಬಲ್ ನನಗೆ ಇನ್ನೂ ನೆನಪಿದೆ. ಸ್ಕೂಲ್ ಬಿಟ್ಟ ಮೇಲೆ ಕೋರ್ಟಿಗೆ ಬಂದು ನಿಮ್ಮ ಪಕ್ಕದ ಸ್ಟೂಲ್ ಮೇಲೆ ಕೂರ್ತಿದ್ದೆ. ಯಾರೇ ವಕೀಲರು ಕಾಗದ ತಂದರೂ "ಎದುರು ಪಾರ್ಟಿಗೆ ಕಾಪಿ ಕೊಟ್ರಾ?" ಅಂತ ಕೇಳಿಯೇ ಮುಂದಿನ ಮಾತು. ಶಿರಸ್ತೇದಾರರ ಮಗಳು ನಾನು, ನನಗೇ ಕಾಪಿ ಕೊಡದೆ ನನ್ನ ಮಗಳ ಹಣ ಕಡಿಮೆ ಮಾಡಿದರೆ ಹೇಗೆ ಬಿಡಲಿ?

ತೀರ್ಪು ಕೈಗೆ ಬಂದ 28 ದಿನದೊಳಗೆ ಅಪೀಲು ಹಾಕಬೇಕಿತ್ತು, 23ನೇ ದಿನ ಆನ್‌ಲೈನಲ್ಲಿ ಹಾಕಿದ್ದೇನೆ. ಪುಟ್ಟಿ ಅಪ್ಪನಿಗೊಂದು, ಮೊದಲು ಲೆಕ್ಕ ಹಾಕಿದ ಕಚೇರಿಯ ಚೈಲ್ಡ್ ಸಪೋರ್ಟ್ ರಿಜಿಸ್ಟ್ರಾರಿಗೊಂದು ಪ್ರತಿ ಹೋಗಿದೆ. ಕೇಳೋದು ಫೆಡರಲ್ ಸರ್ಕ್ಯೂಟ್ ಅಂಡ್ ಫ್ಯಾಮಿಲಿ ಕೋರ್ಟಿನ ಎರಡನೇ ವಿಭಾಗ. ಅಪೀಲು ಹಾಕಿದ ತಕ್ಷಣ ತೀರ್ಪು ನಿಲ್ಲೋದಿಲ್ಲ, ತಡೆ ಆದೇಶ ಸಿಗೋವರೆಗೂ ಕಡಿಮೆ ಹಣವೇ ಬರುತ್ತೆ. ಸೋತರೆ ಎದುರಿನವರ ಖರ್ಚೂ ನನ್ನ ತಲೆ ಮೇಲೆ ಬರಬಹುದು, ಅದನ್ನು ನಿಮ್ಮಿಂದ ಮುಚ್ಚಿಡಲ್ಲ. ಗೆದ್ದರೂ ಸಾಮಾನ್ಯವಾಗಿ ಕೋರ್ಟು ಹಣ ಎಷ್ಟು ಅಂತ ಹೇಳೋದಿಲ್ಲ, ಇನ್ನೊಮ್ಮೆ ಕೇಳಿ ಅಂತ ಟ್ರಿಬ್ಯುನಲ್ಲಿಗೇ ವಾಪಸ್ ಕಳಿಸುತ್ತೆ. ಹಾಗೆ ಪೂರ್ತಿ ವಾಪಸ್ ಹೋದರೆ ಕ್ಯಾಲೆಂಡರನ್ನೂ ಮತ್ತೊಮ್ಮೆ ಮುಂದಿಡಬಹುದು ಅಂತ ವಕೀಲರು ಹೇಳಿದ್ದಾರೆ.

ಅಮ್ಮಾ, ಪೇಪರಲ್ಲಿ ಹೆಸರು ಬರುತ್ತೆ, ನೆಂಟರ ಮುಂದೆ ತಲೆ ಎತ್ತೋದು ಹೇಗೆ ಅಂತ ನೀನು ಅತ್ತುಬಿಟ್ಟೆಯಂತೆ. ಅಳಬೇಡ. ಇಂಥ ಕೇಸುಗಳ ತೀರ್ಪನ್ನು ಇಲ್ಲಿ ಬೇರೆ ಹೆಸರು ಹಾಕಿ ಪ್ರಕಟಿಸ್ತಾರೆ, ಓದಿದವರಿಗೆ ನಾವು ಅಂತ ಗೊತ್ತಾಗಲ್ಲ. ದುಡ್ಡು ಕಳಿಸ್ತೀವಿ ಅಂತಲೂ ಹೇಳಬೇಡಿ, ಶನಿವಾರದ ಶಿಫ್ಟ್ ತಗೊಂಡಿದ್ದೇನೆ, ನಡೆಯುತ್ತೆ. ಅಪ್ಪ, ಅಪೀಲಿನ ಕಾಪಿ ವಾಟ್ಸಾಪಲ್ಲಿ ಹಾಕಿದ್ದೇನೆ, ಕನ್ನಡಕ ಹಾಕಿಕೊಂಡು ಒಂದ್ಸಲ ಓದಿ. ಏನಾದ್ರೂ ಕಂಡರೆ ನನಗೆ ಬರೆದು ಕಳಿಸಿ, ಭಾನುವಾರ ಫೋನಲ್ಲಿ ಬೇಡ. ಅವತ್ತು ಪುಟ್ಟಿ ನಿಮಗೆ ಹೊಸ ಪದ್ಯ ಹೇಳ್ತಾಳಂತೆ.

ನಿಮ್ಮ ಮಗಳು